ಚಿತ್ರದ ಮೂಲೆಯಲ್ಲಿ ಎರಡು ಬಳೆ: ಒಂದು ಎಕ್ಸ್‌ರೇ ಕೋಣೆಯ ಪ್ರಕರಣ

ಜನವರಿ ಕೊನೆಯ ವಾರ. ದಕ್ಷಿಣ ಕೊಡಗಿನ ತೋಟಗಳಲ್ಲಿ ರೊಬಸ್ಟಾ ಕೊಯ್ಲು ಜೋರಾಗಿತ್ತು. ಕಣದಲ್ಲಿ ಹರಡಿದ್ದ ಕಾಫಿ ಹಣ್ಣಿನ ಮೇಲೆ ಓಡಲು ಹೋಗಿ ಆರು ವರ್ಷದ ಹುಡುಗನೊಬ್ಬ ಜಾರಿ, ಅಂಗೈ ಊರಿಕೊಂಡು ಬಿದ್ದ. ಎಡ ಮೊಣಕೈ ಊದಿಕೊಂಡಿತು. ಲೈನ್ ಮನೆಯಿಂದ ಜೀಪಿನಲ್ಲಿ ನಮ್ಮ ಆಸ್ಪತ್ರೆಗೆ ಕರೆತಂದಾಗ ರಾತ್ರಿ ಎಂಟು ಗಂಟೆ. ಡ್ಯೂಟಿಯಲ್ಲಿದ್ದವನು ನಮ್ಮ ಕಿರಿಯ ಟೆಕ್ನಿಷಿಯನ್. ಎರಡು ಎಕ್ಸ್‌ರೇ ತೆಗೆದ, ಒಂದು ನೇರ, ಒಂದು ಪಕ್ಕದಿಂದ. ಫಿಲ್ಮ್ ಚೆನ್ನಾಗಿ ಬಂದಿತ್ತು. ಮೊಣಕೈಗಿಂತ ಸ್ವಲ್ಪ ಮೇಲೆ, ತೋಳಿನ ಮೂಳೆಯ ಕೆಳತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಮೂಳೆ ಸರಿದಿರಲಿಲ್ಲ. ಡಾಕ್ಟರ್ ಸ್ಲ್ಯಾಬ್ ಹಾಕಿ, ಮೂರು ವಾರ ಬಿಟ್ಟು ಬನ್ನಿ ಎಂದು ಕಳಿಸಿದರು.

ಮರುದಿನ ಬೆಳಿಗ್ಗೆ ಡಾಕ್ಟರ್ ಅದೇ ಚಿತ್ರವನ್ನು ಸಿಆರ್ ಕಂಪ್ಯೂಟರಿನಲ್ಲಿ, ಅಂದರೆ ಕ್ಯಾಸೆಟ್ಟಿನೊಳಗಿನ ಪ್ಲೇಟನ್ನು ರೀಡರಿನಲ್ಲಿ ಓದಿಸಿ ಚಿತ್ರ ಮೂಡಿಸುವ ಕಂಪ್ಯೂಟರಿನಲ್ಲಿ, ಮತ್ತೊಮ್ಮೆ ನೋಡಲು ಕೂತರು. ಜೂಮ್ ಮಾಡಲು ಹೋಗಿ ರೀಸೆಟ್ ಒತ್ತಿಬಿಟ್ಟರು. ಕ್ರಾಪ್ ಮಾಡಿದ್ದ ಚಿತ್ರ ಹೋಗಿ ಪ್ಲೇಟ್ ಪೂರ್ತಿ ತೆರೆದುಕೊಂಡಿತು. ನಡುವೆ ಪುಟ್ಟ ಮೊಣಕೈ. ಮೂಲೆಯಲ್ಲಿ ದೊಡ್ಡವರ ಬೆರಳಿನ ಮೂಳೆಗಳು, ಒಂದು ಮಣಿಕಟ್ಟು, ಅದರ ಸುತ್ತ ಬೆಳ್ಳಗೆ ಎರಡು ಬಳೆ.

"ಏನ್ರೀ ಇದು? ಎಕ್ಸ್‌ರೇ ಮಗನಿಗೋ, ಅಮ್ಮನಿಗೋ?" ಎಂದರು.

ಆ ಕೋಣೆಯ ಹೊಣೆ ನನ್ನದು. ಕತ್ತಲೆ ಕೋಣೆಯಲ್ಲಿ ಕೈಯಾರೆ ಫಿಲ್ಮ್ ತೊಳೆಯುತ್ತಿದ್ದ ಕಾಲದಿಂದಲೂ ಇದೇ ಕೆಲಸ. ಮೊದಲು ನನಗೆ ಬಂದ ಯೋಚನೆ, ಸುಮ್ನೆ ಹೇಳಬಾರದು, ಟೆಕ್ನಿಷಿಯನ್ ಹುಡುಗನನ್ನು ಕರೆದು ಬೈಯಬೇಕು ಅಂತ. ಬೈದೆ ಕೂಡ. ಆಮೇಲೆ ಗೊತ್ತಾಗಿದ್ದೇ ಬೇರೆ.

ನಾಲ್ಕು ಬಿಳಿ ಅಂಚು

ಎಕ್ಸ್‌ರೇ ಟ್ಯೂಬಿನ ಕೆಳಗೆ ಒಂದು ಚೌಕನೆಯ ಡಬ್ಬ ಇರುತ್ತದೆ. ಅದೇ ಕಾಲಿಮೇಟರ್. ಒಳಗೆ ಎರಡು ಜೊತೆ ಸೀಸದ ಶಟರ್. ಎರಡು ಗುಂಡಿ ತಿರುಗಿಸಿದರೆ ಒಂದು ಜೊತೆ ಉದ್ದವನ್ನೂ ಇನ್ನೊಂದು ಅಗಲವನ್ನೂ ಕಿರಿದು ಮಾಡುತ್ತದೆ. ಕಿರಣ ಎಲ್ಲಿ ಬೀಳಬೇಕೋ ಅಲ್ಲಿ ಮಾತ್ರ ಬೀಳಲಿ ಎಂಬುದೇ ಇದರ ಉದ್ದೇಶ. ಎಕ್ಸ್‌ರೇ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಡಬ್ಬದೊಳಗೆ ಒಂದು ಬಲ್ಬ್, ಓರೆಯಾಗಿ ಕೂರಿಸಿದ ಒಂದು ಕನ್ನಡಿ. ಬಲ್ಬಿನ ಬೆಳಕು ಕನ್ನಡಿಗೆ ಬಡಿದು ಕೆಳಗಿಳಿಯುತ್ತದೆ. ಎಕ್ಸ್‌ರೇ ಕನ್ನಡಿಯನ್ನು ತೂರಿಕೊಂಡು ಬರುತ್ತದೆ. ಬಲ್ಬೂ ಕನ್ನಡಿಯೂ ಸರಿಯಾದ ಜಾಗದಲ್ಲಿದ್ದರೆ ಬೆಳಕು ಬಿದ್ದ ಚೌಕ ಮತ್ತು ಎಕ್ಸ್‌ರೇ ಬೀಳುವ ಚೌಕ ಎರಡೂ ಒಂದೇ.

ಶಟರ್ ಸರಿಯಾಗಿ ಮುಚ್ಚಿ ತೆಗೆದ ಚಿತ್ರವನ್ನು ಕ್ರಾಪ್ ಮಾಡದೆ ನೋಡಿದರೆ ನಾಲ್ಕೂ ಕಡೆ ಕಿರಣ ಬೀಳದ ಬಿಳಿ ಅಂಚು ಕಾಣುತ್ತದೆ. ಫಿಲ್ಮ್ ಕಾಲದಲ್ಲಿ ನಮ್ಮ ಮೇಷ್ಟ್ರು ಮೊದಲು ನೋಡುತ್ತಿದ್ದುದೇ ಅಂಚನ್ನು. ಮೂಳೆ ಆಮೇಲೆ. ಅಂಚಿಲ್ಲದ ಫಿಲ್ಮ್ ಕಂಡರೆ ಎತ್ತಿ ಎಲ್ಲರೆದುರು ಹಿಡಿಯುತ್ತಿದ್ದರು.

ಆ ಮಗುವಿನ ಪ್ಲೇಟಿನಲ್ಲಿ ಒಂದು ಕಡೆಯೂ ಅಂಚಿರಲಿಲ್ಲ. ಇಡೀ 24×30 ಸೆಂ.ಮೀ. ಕ್ಯಾಸೆಟ್ಟಿಗೆ ಕಿರಣ ಬಿದ್ದಿತ್ತು. ಮಗುವಿನ ಮೊಣಕೈಗೆ ಬೇಕಾದ್ದು ಹೆಚ್ಚೆಂದರೆ 12×15.

ಸಿಆರ್ ವ್ಯವಸ್ಥೆಯಲ್ಲಿ ಕ್ರಾಪ್ ಮಾಡಿದರೂ ಮೂಲ ಚಿತ್ರ ಉಳಿದಿರುತ್ತದೆ. ಅವತ್ತು ಮಧ್ಯಾಹ್ನ ಊಟಕ್ಕೂ ಹೋಗದೆ ಹಿಂದಿನ ಚಿತ್ರಗಳನ್ನು ಒಂದೊಂದಾಗಿ ರೀಸೆಟ್ ಮಾಡುತ್ತಾ ಹೋದೆ. ಮಣಿಕಟ್ಟಿನ ಚಿತ್ರದಲ್ಲಿ ಮೊಣಕೈ ತನಕ ಮೂಳೆ. ಪಾದದ ಚಿತ್ರದಲ್ಲಿ ಇನ್ನೊಂದು ಪಾದ. ಮಕ್ಕಳ ಎದೆಯ ಚಿತ್ರದಲ್ಲಿ ಗಲ್ಲದಿಂದ ಸೊಂಟದವರೆಗೆ ಎಲ್ಲವೂ. ನಾಲ್ಕೂ ಅಂಚು ಇದ್ದ ಚಿತ್ರ ಬೆರಳೆಣಿಕೆ. ಇಷ್ಟೂ ಆ ಟೆಕ್ನಿಷಿಯನ್ ಹುಡುಗನೊಬ್ಬನ ಕೆಲಸವಲ್ಲ. ನಾನೇ ತೆಗೆದ ಚಿತ್ರಗಳೂ ಅದರಲ್ಲಿದ್ದವು. ಯಾವಾಗಿಂದ ಹಾಗೆ ಮಾಡತೊಡಗಿದೆ ಎಂದು ನನಗೇ ನೆನಪಿರಲಿಲ್ಲ.

ಪ್ಲೇಟಿನೊಳಗೆ ಕಂಡಿದ್ದು ಇಷ್ಟಾಯಿತು. ಪ್ಲೇಟಿನಾಚೆ ಬಿದ್ದ ಕಿರಣದ ಗುರುತು ಯಾವ ಚಿತ್ರದಲ್ಲೂ ಉಳಿಯುವುದಿಲ್ಲ. ನಮ್ಮ ಕಾಲಿಮೇಟರ್ ಪೂರ್ತಿ ತೆರೆದರೆ ಒಂದು ಮೀಟರ್ ದೂರದಲ್ಲಿ 43×43 ಸೆಂ.ಮೀ. ಜಾಗ ತುಂಬುತ್ತದೆ. ಲೆಕ್ಕ ಹಾಕಿ: 12×15 ಅಂದರೆ 180 ಚದರ ಸೆಂ.ಮೀ. 43×43 ಅಂದರೆ 1849. ಹತ್ತು ಪಟ್ಟಿಗೂ ಜಾಸ್ತಿ. ಮೇಜಿನ ಪಕ್ಕ ಸ್ಟೂಲಿನ ಮೇಲೆ ಬಾಗಿ ಕೂತ ಮಗುವಿನ ಕುತ್ತಿಗೆ, ಎದುರಿಗೆ ನಿಂತ ತಾಯಿಯ ಹೊಟ್ಟೆ, ಇವೆಲ್ಲ ಆ ಚೌಕದ ಒಳಗಿತ್ತೋ ಹೊರಗಿತ್ತೋ? ಹುಡುಗನನ್ನು ಕೇಳಿದೆ. ಅವನಿಗೆ ಗೊತ್ತಿಲ್ಲ. ತಾಯಿಗೆ ಕಿರಣ ತಡೆಯುವ ಸೀಸದ ಏಪ್ರನ್ ಕೊಟ್ಟಿದ್ದೆಯಾ ಎಂದೆ. ಕೊಟ್ಟಿದ್ದ. ಗರ್ಭಿಣಿಯಾ ಅಂತ ಕೇಳಿದ್ದೆಯಾ ಎಂದೆ. ತಲೆ ತಗ್ಗಿಸಿದ. ಅದನ್ನು ಮೊದಲೇ ತಿಳಿಸಿ ಎಂಬ ಬೋರ್ಡ್ ಬಾಗಿಲಲ್ಲೇ ಇದೆ. ಆದರೆ ಮಗು ಅಳುತ್ತಿರುವಾಗ ಬೋರ್ಡ್ ಓದುವವರು ಯಾರು? ಡಾಕ್ಟರ್ ಅವತ್ತೇ ಫೋನ್ ಮಾಡಿಸಿ ವಿಚಾರಿಸಿದರು. ಅಂಥದ್ದೇನೂ ಇರಲಿಲ್ಲ. ಆ ಫೋನ್ ಮುಗಿಯುವವರೆಗೆ ನಾನು ಕೂತ ಜಾಗದಿಂದ ಏಳಲಿಲ್ಲ.

"ಬೆಳಕನ್ನು ನಂಬಿದರೆ ಕಟ್ ಆಗುತ್ತೆ ಅಣ್ಣ"

ಸಂಜೆ ಹುಡುಗನನ್ನು ಕರೆದು, ಈ ಸಲ ಬೈಯದೆ, ಯಾಕೆ ಪೂರ್ತಿ ತೆರೆದಿಡುತ್ತೀಯ ಎಂದು ಕೇಳಿದೆ.

"ಬೆಳಕನ್ನು ನಂಬಿದರೆ ಕಟ್ ಆಗುತ್ತೆ ಅಣ್ಣ. ಮಳೆಗಾಲದಲ್ಲಿ ಎರಡು ಮೂರು ಸಲ ಹಾಗಾಯ್ತು. ಸರಿಯಾಗೇ ಇಟ್ಟಿರ್ತೀನಿ, ಚಿತ್ರದಲ್ಲಿ ಅರ್ಧ ಬೆರಳೇ ಇರಲ್ಲ. ರಿಪೀಟ್ ಮಾಡಿದ್ರೆ ನೀವು ರಿಜಿಸ್ಟರ್‌ನಲ್ಲಿ ಕೆಂಪು ಗೆರೆ ಹೊಡೀತೀರಿ. ಅದಕ್ಕೆ ಪೂರ್ತಿ ತೆಗೆದು, ಆಮೇಲೆ ಕ್ರಾಪ್ ಮಾಡ್ತೀನಿ."

ಕೆಂಪು ಗೆರೆ ನನ್ನದೇ ನಿಯಮ. ಒಂದೇ ರೋಗಿಗೆ ಎರಡೆರಡು ಸಲ ಎಕ್ಸ್‌ಪೋಷರ್ ಆಗಬಾರದೆಂದು ಮಾಡಿದ್ದು. ರಿಪೀಟ್ ಕಡಿಮೆಯಾಯಿತು ಎಂದು ನಾನು ಖುಷಿಯಲ್ಲಿದ್ದೆ. ಕಡಿಮೆಯಾಗಿದ್ದು ಹೀಗೆ.

ಬೆಳಕು ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ದೊಡ್ಡ ಉಪಕರಣವೇನೂ ಬೇಕಿಲ್ಲ. ಎಂಟು ನಾಣ್ಯ ಸಾಕು. ಕ್ಯಾಂಟೀನಿಗೆ ಹೋಗಿ ಹತ್ತು ರೂಪಾಯಿ ನಾಣ್ಯ ಒಂಬತ್ತು ಇಸಕೊಂಡು ಬಂದೆ. ಹತ್ತು ರೂಪಾಯಿ ನಾಣ್ಯ ಎಲ್ಲವೂ 27 ಮಿ.ಮೀ. ಅಗಲ. ಅಳತೆಪಟ್ಟಿಯೂ ಅದೇ ಆಗುತ್ತದೆ.

35×43ರ ದೊಡ್ಡ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, ಟ್ಯೂಬನ್ನು ಸರಿಯಾಗಿ 100 ಸೆಂ.ಮೀ. ಎತ್ತರಕ್ಕೆ ತಂದೆ. ಬೆಳಕಿನ ಚೌಕವನ್ನು 18×24ಕ್ಕೆ ಕಿರಿದು ಮಾಡಿದೆ. ನಾಲ್ಕೂ ಬದಿಯ ನಡುವೆ ಎರಡೆರಡು ನಾಣ್ಯ, ಒಂದಕ್ಕೊಂದು ತಾಗಿಸಿ. ಒಂದು ಬೆಳಕಿನ ಒಳಗೆ, ಇನ್ನೊಂದು ಹೊರಗೆ. ಎರಡೂ ತಾಗುವ ಬಿಂದು ಬೆಳಕಿನ ಗೆರೆಯ ಮೇಲೇ ಇರಬೇಕು. ಒಂಬತ್ತನೆಯ ನಾಣ್ಯ ಒಳಗೆ ಒಂದು ಮೂಲೆಯಲ್ಲಿ, ತಲೆ ಕಡೆ ಯಾವುದು ಎಂದು ಆಮೇಲೆ ಗೊತ್ತಾಗಲು. ಇದನ್ನು ಮರೆತರೆ ಚಿತ್ರ ಬಂದಮೇಲೆ ಯಾವ ಕಡೆ ತಪ್ಪಿದೆ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ನನಗೆ ಹಿಂದೊಮ್ಮೆ ಆಗಿದೆ. 50 ಕೆವಿ, 2 ಎಂಎಎಸ್: ಮೊದಲನೆಯದು ಕಿರಣದ ಬಲ, ಎರಡನೆಯದು ಅದರ ಪ್ರಮಾಣ. ಒಂದೇ ಎಕ್ಸ್‌ಪೋಷರ್.

ಎಲ್ಲ ಸರಿಯಿದ್ದರೆ ಕಪ್ಪು ಚೌಕದ ಒಳಗೆ ನಾಲ್ಕು ನಾಣ್ಯ ಪೂರ್ತಿ ಕಾಣಬೇಕು. ಹೊರಗಿನ ನಾಲ್ಕು ಕಾಣಲೇಬಾರದು, ಅಲ್ವಾ? ಅಗಲದ ಕಡೆ ಹೆಚ್ಚುಕಮ್ಮಿ ಹಾಗೇ ಇತ್ತು. ಉದ್ದದ ಕಡೆ ನೋಡಿ ಹುಡುಗ "ಅಯ್ಯೋ" ಎಂದ. ತಲೆ ಕಡೆ ಹೊರಗಿನ ನಾಣ್ಯ ದುಂಡಗೆ ಪೂರ್ತಿ ಕಾಣುತ್ತಿತ್ತು, ಅದರಾಚೆಗೂ 3 ಮಿ.ಮೀ. ಕಪ್ಪು. ಕಾಲು ಕಡೆ ಒಳಗಿನ ನಾಣ್ಯವೇ ಮಾಯ. 27ಕ್ಕೆ 3 ಕೂಡಿಸಿದರೆ 30 ಮಿ.ಮೀ. ಬೆಳಕು ತೋರಿಸುವ ಜಾಗಕ್ಕೂ ಕಿರಣ ಬೀಳುವ ಜಾಗಕ್ಕೂ 3 ಸೆಂ.ಮೀ. ವ್ಯತ್ಯಾಸ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಒಪ್ಪುವ ಮಿತಿ ಟ್ಯೂಬಿನಿಂದ ಕ್ಯಾಸೆಟ್ಟಿಗಿರುವ ದೂರದ ಶೇ. 2. ನೂರು ಸೆಂ.ಮೀ.ಗೆ 2 ಸೆಂ.ಮೀ.

ಹುಡುಗ ಹೇಳಿದ್ದು ನಿಜವಾಗಿತ್ತು. ಅವನು ಬೆಳಕನ್ನು ನಂಬುವುದು ಬಿಟ್ಟಿದ್ದ. ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಾತಾವರಣ ನಾನು ಇಟ್ಟಿರಲಿಲ್ಲ.

ಕಕ್ಕಡದ ರಿಪೇರಿ

ಬೇರು ಹುಡುಕುತ್ತಾ ಹೋದರೆ ಅದು ಹಿಂದಿನ ಕಕ್ಕಡಕ್ಕೆ, ಕೊಡವರ ಮಳೆಗಾಲದ ತಿಂಗಳಿಗೆ, ಹೋಯಿತು. ಮದ್ದು ಪಾಯಸ ತಿಂದ ಮಾರನೇ ದಿನ, ಅಂದರೆ ಆಗಸ್ಟ್ ಮೊದಲ ವಾರ. ಕೊಡಗಿನ ಮಳೆಗಾಲ ಗೊತ್ತಲ್ಲ. ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಕ್ಯಾಲೆಂಡರಿಗೆ ಬೂಷ್ಟು ಹಿಡಿಯುವ ಕಾಲ. ಕಾಲಿಮೇಟರಿನ ಕನ್ನಡಿಗೂ ಹಿಡಿದಿತ್ತು. ಬೆಳಕು ಮಂಕಾಗುತ್ತಾ ಬಂದು ಒಂದು ದಿನ ಬಲ್ಬೇ ಹೋಯಿತು. ಕಂಪನಿಯ ಎಂಜಿನಿಯರ್ ಬರಲು ವಾರ ಬೇಕೆಂದರು. ಕರೆಂಟ್ ಇಲ್ಲ, ರಸ್ತೆ ಸರಿಯಿಲ್ಲ, ರೋಗಿಗಳು ಕಾಯುತ್ತಿದ್ದಾರೆ. ಗೊತ್ತಿದ್ದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆವು. ಅವನು ಕಾಲಿಮೇಟರ್ ಇಡಿಯಾಗಿ ಕಳಚಿ, ಕನ್ನಡಿ ಒರೆಸಿ, ಸಿಕ್ಕಿದ ಬೇರೊಂದು ಹ್ಯಾಲೊಜನ್ ಬಲ್ಬ್ ಹಾಕಿ, ಮತ್ತೆ ಕೂರಿಸಿ ಹೋದ. ಒಳ್ಳೆಯ ಮನುಷ್ಯ. ಮಳೆಯಲ್ಲಿ ಬೈಕಿನಲ್ಲಿ ಬಂದಿದ್ದ. ದುಡ್ಡೂ ಜಾಸ್ತಿ ಕೇಳಲಿಲ್ಲ.

ಬೇರೆ ನಮೂನೆಯ ಬಲ್ಬಿನ ತಂತಿ ಬೇರೆ ಎತ್ತರದಲ್ಲಿರುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಟ್ಯೂಬಿನೊಳಗೆ ಕಿರಣ ಹುಟ್ಟುವ ಬಿಂದುವಿನಿಂದ ಶಟರ್ 20 ಸೆಂ.ಮೀ. ಕೆಳಗಿದ್ದರೆ, ಬಲ್ಬಿನ ತಂತಿ 5 ಮಿ.ಮೀ. ಸರಿದಾಗ ಒಂದು ಮೀಟರ್ ದೂರದ ಮೇಜಿನ ಮೇಲೆ ಬೆಳಕು 2 ಸೆಂ.ಮೀ. ಸರಿಯುತ್ತದೆ. ಕನ್ನಡಿ ಒಂಚೂರು ಓರೆಯಾದರೂ ಅದೇ ಕತೆ.

ಅವನು ಹೋದಮೇಲೆ ನಾನು ಮಾಡಿದ್ದೇನು? ಕೈಯದೊಂದು, ಎದೆಯದೊಂದು ಎಕ್ಸ್‌ಪೋಷರ್ ಹೊಡೆದೆ. ಚಿತ್ರ ಬಂತು. ರಿಜಿಸ್ಟರಿನಲ್ಲಿ "ಮೆಷಿನ್ ಸರಿಯಾಗಿದೆ" ಎಂದು ಬರೆದು ಸಹಿ ಹಾಕಿದೆ. ಕಾಲಿಮೇಟರ್ ಬಿಚ್ಚಿದಂಥ ರಿಪೇರಿ ಆದಮೇಲೆ ಕ್ಯೂಎ, ಅಂದರೆ ಮೆಷಿನ್ನಿನ ಗುಣಮಟ್ಟದ ಪರೀಕ್ಷೆ ಮಾಡಿಸಬೇಕು. ಅದು ನನಗೆ ಗೊತ್ತಿತ್ತು. ಎರಡು ವರ್ಷಕ್ಕೊಮ್ಮೆ ಮಾಡಿಸುವ ಕ್ಯೂಎ ಹೇಗೂ ಹತ್ತಿರದಲ್ಲೇ ಇದೆಯಲ್ಲ, ಆಗ ನೋಡಿದರಾಯಿತು ಅಂದುಕೊಂಡೆ.

ಗೆರೆ ಹೊಡೆಯುವ ತಗಡು

ನಾಣ್ಯದ ಚಿತ್ರ ಕೈಯಲ್ಲಿ ಹಿಡಿದುಕೊಂಡೇ ಕ್ಯೂಎ ಏಜೆನ್ಸಿಗೆ ಫೋನ್ ಮಾಡಿದೆ. ಹತ್ತು ದಿನಕ್ಕೆ ಬಂದರು. ಅಷ್ಟರವರೆಗೆ ಕಾಲಿಮೇಟರ್ ಮೇಲೆ ಒಂದು ಪ್ಲಾಸ್ಟರ್ ಅಂಟಿಸಿ, "ಕಿರಣ 3 ಸೆಂ.ಮೀ. ತಲೆ ಕಡೆ" ಎಂದು ಬರೆದು ಬಾಣ ಹಾಕಿದ್ದೆವು. ಗುರಿ ತಪ್ಪಿದ ಕೋವಿಯನ್ನು ಪಕ್ಕಕ್ಕೆ ಹಿಡಿದು ಹೊಡೆದ ಹಾಗೆ. ತಾತ್ಕಾಲಿಕಕ್ಕೆ ನಡೆಯಿತು.

ಎಂಜಿನಿಯರ್ ಹುಣಸೂರು ಕಡೆಯಿಂದ ಬಂದರು. ತಿತಿಮತಿ ಹತ್ತಿರ ರಸ್ತೆಗೆ ಆನೆ ಬಂದು ಎರಡು ಗಂಟೆ ತಡ. ಬೆಳಕು ಸರಿಯಿಲ್ಲ ಎಂದು ನಮಗೇ ಗೊತ್ತಿದ್ದರಿಂದ ಅದೊಂದನ್ನು ಸರಿಮಾಡಿ ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಎಲ್ಲ ಪರೀಕ್ಷೆಯನ್ನೂ ಮಾಡಿದರು. ಕೆವಿ ಸರಿ, ಟೈಮರ್ ಸರಿ, ಲೀಕೇಜ್ ಸರಿ. ಎಚ್‌ವಿಎಲ್ ಪರೀಕ್ಷೆಗೆ ಬಂದಾಗ ನಿಂತುಬಿಟ್ಟರು. ಮತ್ತೊಮ್ಮೆ ಮಾಡಿದರು. ಮೀಟರ್ ಬದಲಿಸಿ ಮೂರನೇ ಸಲ ಮಾಡಿದರು.

ಎಚ್‌ವಿಎಲ್ ಅಂದರೆ ಕಿರಣವನ್ನು ಅರ್ಧಕ್ಕಿಳಿಸಲು ಎಷ್ಟು ದಪ್ಪದ ಅಲ್ಯೂಮಿನಿಯಂ ಬೇಕು ಎಂಬ ಅಳತೆ. ಮೇಜಿನ ಮೇಲೆ ಡೋಸ್ ಮೀಟರ್ ಇಟ್ಟು 80 ಕೆವಿಗೆ ಎಕ್ಸ್‌ಪೋಷರ್ ಹೊಡೆಯುತ್ತಾರೆ. ಆಮೇಲೆ ದಾರಿಯಲ್ಲಿ ಒಂದೊಂದೇ ತಗಡು ಸೇರಿಸುತ್ತಾ ಮತ್ತೆ ಮತ್ತೆ ಹೊಡೆಯುತ್ತಾರೆ. ನಮ್ಮಲ್ಲಿ ಮೊದಲ ಓದನ್ನು 100 ಎಂದಿಟ್ಟುಕೊಂಡರೆ, 1 ಮಿ.ಮೀ. ತಗಡಿಗೆ 68ಕ್ಕೆ ಇಳಿಯಿತು. 2 ಮಿ.ಮೀ.ಗೆ 48. ಅಂದರೆ ಅರ್ಧವಾಗಲು 2 ಮಿ.ಮೀ. ಕೂಡ ಬೇಕಾಗಲಿಲ್ಲ. 80 ಕೆವಿಯಲ್ಲಿ ಹಳೆಯ ಲೆಕ್ಕದಲ್ಲೂ ಕನಿಷ್ಠ 2.3 ಇರಬೇಕು.

"ಸಾರ್, ನಿಮ್ಮ ಕಿರಣ ತುಂಬಾ ಮೆತ್ತಗಿದೆ" ಎಂದರು.

ಮೆತ್ತಗಿದ್ದರೆ ಒಳ್ಳೆಯದಲ್ಲವೇ ಎಂದು ಪಕ್ಕದಲ್ಲಿದ್ದ ನರ್ಸಮ್ಮ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 80 ಕೆವಿ ಎಂದು ಇಟ್ಟರೆ ಹೊರಡುವ ಕಿರಣಗಳೆಲ್ಲ 80ರವಲ್ಲ. 80 ಮೇಲಿನ ಮಿತಿ ಅಷ್ಟೇ. 20, 30, 40 ಕೆಇವಿ ಶಕ್ತಿಯವು ರಾಶಿ ರಾಶಿ ಇರುತ್ತವೆ. 20 ಕೆಇವಿಯ ಕಿರಣ 20 ಸೆಂ.ಮೀ. ದಪ್ಪದ ಹೊಟ್ಟೆಯನ್ನು ದಾಟಿ ಆಚೆ ಬರುವುದು ಹೆಚ್ಚುಕಮ್ಮಿ ಕೋಟಿಗೊಂದು. ಉಳಿದವೆಲ್ಲ ಚರ್ಮದಲ್ಲೇ, ಅದರ ಕೆಳಗಿನ ಮಾಂಸದಲ್ಲೇ ಇಂಗಿಹೋಗುತ್ತವೆ. ಚಿತ್ರಕ್ಕೆ ಅವುಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲ, ರೋಗಿಗೆ ಡೋಸ್ ಮಾತ್ರ ಲಾಭ. ಅದಕ್ಕೇ ಟ್ಯೂಬಿನ ಬಾಯಿಗೆ ಅಲ್ಯೂಮಿನಿಯಂ ತಗಡು ಹಾಕುವುದು. ಫಿಲ್ಟರ್ ಅಂದರೆ ಇದೇ. 1.5 ಮಿ.ಮೀ. ತಗಡು 20 ಕೆಇವಿಯ ಕಿರಣಗಳಲ್ಲಿ ಮುಕ್ಕಾಲು ಪಾಲನ್ನು ತಡೆಯುತ್ತದೆ. 60 ಕೆಇವಿಯವುಗಳಲ್ಲಿ ತಡೆಯುವುದು ನೂರಕ್ಕೆ ಹನ್ನೊಂದರಷ್ಟು. ಮೊರದಲ್ಲಿ ಕೇರಿದ ಹಾಗೆ: ಜೊಳ್ಳು ಹಾರಿ ಗಟ್ಟಿ ಕಾಳು ಉಳಿಯುತ್ತದೆ. ಉಳಿದ ಕಿರಣದ ಸರಾಸರಿ ಶಕ್ತಿ ಏರುತ್ತದೆ. ನಮ್ಮವರು ಇದನ್ನೇ ಬೀಮ್ ಗಟ್ಟಿಯಾಯಿತು ಅನ್ನುವುದು.

ಟ್ಯೂಬಿನ ಗಾಜು, ಅದರ ಸುತ್ತಲಿನ ಎಣ್ಣೆ, ಕಾಲಿಮೇಟರಿನ ಕನ್ನಡಿ, ಇವೂ ಸ್ವಲ್ಪ ಸೋಸುತ್ತವೆ. ಇವೆಲ್ಲ ಸೇರಿ ಒಟ್ಟು ಎಷ್ಟಿರಬೇಕು ಎಂದು ಎಇಆರ್‌ಬಿ ಹೇಳಿದೆ: 70 ಕೆವಿ ತನಕದ ಮೆಷಿನ್ನಿಗೆ 1.5 ಮಿ.ಮೀ. ಅಲ್ಯೂಮಿನಿಯಂಗೆ ಸಮ, 70ರಿಂದ 100ಕ್ಕೆ 2, ನೂರಕ್ಕೂ ಮೇಲೆ ಹೋಗುವುದಕ್ಕೆ 2.5. ನಮ್ಮದು 125ರ ತನಕ ಹೋಗುವ ಮೆಷಿನ್.

ಎಂಜಿನಿಯರ್ ಕಾಲಿಮೇಟರ್ ಇಳಿಸಿದರು. ಟ್ಯೂಬಿನ ಬಾಯಿಯ ಕೆಳಗೆ, ತಗಡು ಕೂರುವ ಖಾಲಿ ಜಾಗ ನೋಡಿ ನನ್ನ ಕಡೆ ತಿರುಗಿದರು. "ಇಲ್ಲೊಂದು ಪ್ಲೇಟ್ ಇರಬೇಕಿತ್ತಲ್ಲ ಸಾರ್. ಅಂಗೈ ಅಗಲದ್ದು, ಮೂಲೆಯಲ್ಲಿ ತೂತು ಇರುತ್ತೆ."

ನಮ್ಮ ಹುಡುಗ ಏನೂ ಮಾತಾಡದೆ ಕಂಟ್ರೋಲ್ ಕೋಣೆಗೆ ಹೋಗಿ ರಿಜಿಸ್ಟರ್ ತಂದ. ಅದರ ನಡುವೆ, ಓದಿದ ಪುಟಕ್ಕೆ ಗುರುತಾಗಿ, ಮಂಕು ಬೂದು ಬಣ್ಣದ ಒಂದು ತಗಡು. ನಾಲ್ಕು ಮೂಲೆಗೆ ನಾಲ್ಕು ತೂತು. ಒಂದು ಅಂಚಿಗೆ ಕೆಂಪು ಇಂಕು ಹತ್ತಿತ್ತು. ರಿಪೀಟ್ ಆದವರ ಹೆಸರಿನ ಕೆಳಗೆ ನಾನು ಕೆಂಪು ಗೆರೆ ಹೊಡೆಯುತ್ತಿದ್ದುದು ಅದರಿಂದಲೇ. ಆರು ತಿಂಗಳು.

ಕಕ್ಕಡದ ರಿಪೇರಿ ದಿನ ಮೇಜಿನ ಮೇಲೆ ಉಳಿದದ್ದು ಅದು. ಯಾವುದೋ ಹಳೆಯ ಮುಚ್ಚಳ ಇರಬೇಕು, ನೇರವಾಗಿದೆ, ಗೆರೆ ಹೊಡೆಯಲು ಆಗುತ್ತೆ ಎಂದು ನಾನೇ ತೆಗೆದಿಟ್ಟುಕೊಂಡಿದ್ದೆ. ಎಂಜಿನಿಯರ್ ನಗಲಿಲ್ಲ. ಅದಕ್ಕೆ ಅವರಿಗೆ ಇವತ್ತಿಗೂ ಋಣಿ.

ಯಾಕೆ ಯಾರಿಗೂ ಗೊತ್ತಾಗಲಿಲ್ಲ

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಈ ಪ್ರಶ್ನೆ. ಒಂದೇ ರಿಪೇರಿಯಿಂದ ಎರಡು ತಪ್ಪು ಹುಟ್ಟಿದವು. ಒಂದು ಕಿರಣದ ಜಾಗದ್ದು, ಇನ್ನೊಂದು ಕಿರಣದ ಗುಣದ್ದು. ಎರಡೂ ದಿನಾ ನಮ್ಮ ಕಣ್ಣೆದುರೇ ಇದ್ದವು. ಆದರೂ ಆರು ತಿಂಗಳು ದೂರು ಬರಲಿಲ್ಲ.

ಫಿಲ್ಟರ್ ಇಲ್ಲದಿದ್ದರೆ ಚಿತ್ರ ಕೆಡುವುದಿಲ್ಲ. ತೆಳು ಭಾಗಗಳಲ್ಲಿ, ಬೆರಳು ಮಣಿಕಟ್ಟಿನಂಥ ಕಡೆ, ಮೂಳೆ ಇನ್ನೂ ಎದ್ದು ಕಾಣುತ್ತದೆ. "ಈಗ ನಿಮ್ಮ ಎಕ್ಸ್‌ರೇ ಚೆನ್ನಾಗಿ ಬರ್ತಿದೆ" ಎಂದು ಸೆಪ್ಟೆಂಬರಿನಲ್ಲಿ ಒಬ್ಬರು ಹೊಗಳಿದ್ದರು ಕೂಡ. ಕೈಲ್ ಪೊಳ್ದ್ ಹಬ್ಬದ ಆಸುಪಾಸಿನಲ್ಲಿ. ನಾನು ಹೊಸ ಬಲ್ಬಿನ ಮಹಿಮೆ ಎಂದು ತಮಾಷೆ ಮಾಡಿದ್ದೆ.

ಫಿಲ್ಮ್ ಕಾಲದಲ್ಲಿ ಡೋಸ್ ಜಾಸ್ತಿಯಾದರೆ ಫಿಲ್ಮ್ ಕಪ್ಪಾಗುತ್ತಿತ್ತು. ಸಿಆರ್ ಹಾಗಲ್ಲ. ಹೆಚ್ಚು ಬಿದ್ದರೂ ಕಡಿಮೆ ಬಿದ್ದರೂ ಕಂಪ್ಯೂಟರ್ ಚಿತ್ರವನ್ನು ಒಂದೇ ಹದಕ್ಕೆ ತರುತ್ತದೆ. ಇದ್ದ ಒಂದೇ ಸಾಕ್ಷಿ ಎಸ್ ನಂಬರ್. ನಮ್ಮ ರೀಡರಿನಲ್ಲಿ ಅದು ಕಡಿಮೆ ಬಂದಷ್ಟೂ ಪ್ಲೇಟಿಗೆ ಬಿದ್ದ ಕಿರಣ ಜಾಸ್ತಿ ಎಂದರ್ಥ. 200ರ ಆಸುಪಾಸು ಇರಬೇಕು. ಆದರೆ ಶಟರ್ ಪೂರ್ತಿ ತೆರೆದಾಗ ಕೈಯ ಸುತ್ತ ಖಾಲಿ ಪ್ಲೇಟಿಗೂ ಕಿರಣ ನೇರ ಬೀಳುತ್ತದೆ. ಕಂಪ್ಯೂಟರಿಗೆ ಯಾವುದು ಕೈ, ಯಾವುದು ಖಾಲಿ ಎಂದು ಗೊಂದಲ. ಎಸ್ ನಂಬರ್ ಒಂದು ಸಲ 90, ಮುಂದಿನದು 400. ಹೀಗೆ ಕುಣಿಯುವ ನಂಬರನ್ನು ಯಾರು ನಂಬುತ್ತಾರೆ? ನಾವು ನೋಡುವುದೇ ಬಿಟ್ಟೆವು. ಬೆಳಕಿನ ತಪ್ಪು ಶಟರ್ ತೆರೆಸಿತು. ತೆರೆದ ಶಟರ್ ಎಸ್ ನಂಬರ್ ಕೆಡಿಸಿತು. ಕೆಟ್ಟ ನಂಬರಿನ ಹಿಂದೆ ಫಿಲ್ಟರ್ ಇಲ್ಲದ್ದು ಅಡಗಿ ಕೂತಿತು. ಮೇಲಿಂದ ಕ್ರಾಪ್ ಎಂಬ ಬಟನ್ ಎಲ್ಲವನ್ನೂ ಗುಡಿಸಿ ಚೊಕ್ಕ ಮಾಡಿತು.

ಕ್ರಾಪ್ ಮಾಡುವುದು ಕಾಲಿಮೇಷನ್ ಅಲ್ಲ. ಅದು ರೋಗಿಯ ಮೈಯಿಂದ ಕಿರಣವನ್ನು ವಾಪಸ್ ತೆಗೆಯುವುದಿಲ್ಲ, ನಮ್ಮ ಕಣ್ಣಿಂದ ಮಾತ್ರ ಮರೆ ಮಾಡುತ್ತದೆ. ಇಷ್ಟು ವರ್ಷ ಕೆಲಸ ಮಾಡಿದ ನನಗೂ ಇದನ್ನು ಎರಡು ಬಳೆ ಬಂದು ಹೇಳಬೇಕಾಯಿತು.

ಹೆದರಿಸಲು ಹೇಳುತ್ತಿಲ್ಲ. ಕೈಕಾಲಿನ ಒಂದು ಎಕ್ಸ್‌ರೇಯ ಡೋಸ್ ಸಾಮಾನ್ಯವಾಗಿ 0.001 ಮಿಲಿಸೀವರ್ಟಿನ ಆಸುಪಾಸು. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ಮಣ್ಣಿನಿಂದ, ಆಕಾಶದಿಂದ, ಗಾಳಿಯಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಸಿಗುತ್ತದೆ. ಆ ಹುಡುಗನಿಗೂ ತಾಯಿಗೂ ಇದರಿಂದ ಏನೋ ಆಗಿಹೋಯಿತು ಎನ್ನುವಂತಿಲ್ಲ. ಆದರೆ ಆ ಮೇಜಿನ ಮೇಲೆ ಆರು ತಿಂಗಳಲ್ಲಿ ಬರೀ ಮೊಣಕೈಗಳು ಬಂದಿರಲಿಲ್ಲ. ಸೊಂಟ, ಹೊಟ್ಟೆ, ಬೆನ್ನು ಎಲ್ಲ ಬಂದಿದ್ದವು. ಅವಕ್ಕೆ ಬೇಕಾಗುವ ಕಿರಣ ಎಷ್ಟೋ ಪಟ್ಟು ಜಾಸ್ತಿ.

ಸರಿಪಡಿಸಿದ್ದು

ಮೆಷಿನ್ ಸರಿಮಾಡಲು ಅರ್ಧ ದಿನ ಸಾಕಾಯಿತು. ಸರಿಯಾದ ಬಲ್ಬ್, ಕನ್ನಡಿಯ ಸ್ಕ್ರೂ, ತಗಡು ಅದರ ಜಾಗಕ್ಕೆ. ಎಚ್‌ವಿಎಲ್ 2.8ಕ್ಕೆ ಬಂತು. ನಾಣ್ಯದ ಪರೀಕ್ಷೆಯಲ್ಲಿ ವ್ಯತ್ಯಾಸ 4 ಮಿ.ಮೀ. ತಗಡು ಬಂದಮೇಲೆ ಪ್ಲೇಟಿಗೆ ತಲುಪುವ ಕಿರಣ ಸ್ವಲ್ಪ ಕಡಿಮೆಯಾಯಿತು, ಕೆಲವು ಚಿತ್ರಗಳಿಗೆ ಎಂಎಎಸ್ ಒಂಚೂರು ಏರಿಸಬೇಕಾಯಿತು. ಆದರೂ ಚರ್ಮಕ್ಕೆ ಬೀಳುವ ಡೋಸ್ ಮೊದಲಿಗಿಂತ ಕಡಿಮೆಯೇ.

ಕೈಯ ಅಭ್ಯಾಸ ಸರಿಮಾಡಲು ಎರಡು ತಿಂಗಳು ಹಿಡಿಯಿತು. ಡೋಸ್ ಎಂದಾಗ ಎಲ್ಲರೂ ತಲೆಯಾಡಿಸಿದರು, ಅಷ್ಟೇ. ಅವರ ಮನಸ್ಸು ಬದಲಿಸಿದ್ದು ಒಂದು ಬೆನ್ನು. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಒಬ್ಬರ ಸೊಂಟದ ಬೆನ್ನುಮೂಳೆ. ದಪ್ಪ ಆಳು. ಮೊದಲ ಚಿತ್ರ ರಾತ್ರಿ, ಹಳೆಯ ಅಭ್ಯಾಸದಂತೆ ಪೂರ್ತಿ ತೆರೆದು ತೆಗೆದದ್ದು. ಮಂಜು ಕವಿದ ಹಾಗಿತ್ತು. ಡಾಕ್ಟರಿಗೆ ಕೆಳಗಿನ ಎರಡು ಮೂಳೆಗಳ ಮೇಲೆ ಅನುಮಾನ ಇತ್ತು. ಅವಷ್ಟನ್ನೇ ಮತ್ತೆ ತೆಗೆಯಲು ಹೇಳಿದರು. ಹುಡುಗ ಶಟರನ್ನು ಅಷ್ಟಕ್ಕೇ ಕಿರಿದು ಮಾಡಿ ತೆಗೆದ. ಮೂಳೆಯ ಅಂಚು ಗೀರಿದ ಹಾಗೆ ಬಂತು. ಕಿರಣ ಬಿದ್ದ ಮೈಯೆಲ್ಲ ಕಿರಣವನ್ನು ಚೆದುರಿಸುತ್ತದೆ. ಎಷ್ಟು ಅಗಲಕ್ಕೆ ಬೀಳುತ್ತದೋ ಅಷ್ಟು ಚೆದುರು, ಅಷ್ಟು ಮಂಜು. ಪ್ಲೇಟಿನ ಮುಂದಿರುವ ಸೀಸದ ಪಟ್ಟಿಗಳ ಗ್ರಿಡ್ ಅದರಲ್ಲಿ ಬಹುಪಾಲನ್ನು ಹೀರುತ್ತದೆ, ಎಲ್ಲವನ್ನೂ ಅಲ್ಲ. ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ನೋಡಿದ ಡಾಕ್ಟರ್, "ಇನ್ನು ಮೇಲೆ ಹೀಗೇ ಕೊಡಿ" ಎಂದರು. ನನ್ನ ಒಂದು ಗಂಟೆಯ ಭಾಷಣಕ್ಕಿಂತ ಆ ಒಂದು ಮಾತು ಕೆಲಸ ಮಾಡಿತು.

ಕೆಂಪು ಗೆರೆ ನಿಲ್ಲಿಸಿದೆ. ಈಗ ರಿಪೀಟ್ ಆದರೆ ಕಾರಣ ಬರೆಯುತ್ತೇವೆ, ಯಾರದೆಂದು ಅಲ್ಲ. ಎಸ್ ನಂಬರಿಗೆ ಒಂದು ಕಾಲಂ. ಕ್ರಾಪ್ ಮಾಡದ ಚಿತ್ರವೇ ಡಾಕ್ಟರಿಗೆ ಹೋಗುತ್ತದೆ, ಅಂಚು ಸಮೇತ. ತಿಂಗಳ ಮೊದಲ ಸೋಮವಾರ ನಾಣ್ಯದ ಪರೀಕ್ಷೆ. ಒಂಬತ್ತು ನಾಣ್ಯ ಒಂದು ಡಬ್ಬಿಯಲ್ಲಿ ಬೇರೆಯೇ ಇವೆ. ಚಿಲ್ಲರೆ ಬೇಕೆಂದು ಕ್ಯಾಂಟೀನಿನವರು ಎರಡು ಸಲ ಕೇಳಿದರು, ಕೊಡಲಿಲ್ಲ.

ಹುಡುಗ ಮೂರು ವಾರಕ್ಕೆ ಸ್ಲ್ಯಾಬ್ ತೆಗೆಸಲು ಬಂದ. ಈ ಸಲ ತಾಯಿ ಬಾಗಿಲಾಚೆ ನಿಂತರು. ಅವನೇ ಕೈ ಅಲ್ಲಾಡಿಸದೆ ಇಟ್ಟುಕೊಂಡ. ಮೊಣಕೈಯಷ್ಟೇ ಬೆಳಕು, ಅಷ್ಟೇ ಕಿರಣ. ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತಿತ್ತು. ಹೋದ ಸಲ ಏನಾಗಿತ್ತು ಎಂದು ತಾಯಿಗೆ ಆದಷ್ಟು ಸರಳವಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರು.

"ಹೋದ ಸಲ ಕೈ ದೊಡ್ಡದಾಗಿ ಕಾಣ್ತಿತ್ತು ಸಾರ್. ಈ ಸಲ ಸುತ್ತ ಖಾಲಿ ಬಿಟ್ಟಿದ್ದೀರಿ. ದುಡ್ಡು ಮಾತ್ರ ಅಷ್ಟೇ ತಗೊಂಡ್ರಲ್ಲ?"